ಹೋಲ್ಡಾನ್ ಅಂದ ಬಾಯಿ

ಮೊನ್ನೆ ವರ್ಕ್‌ಶಾಪಿನ ಅಟ್ಟ ಗುಡಿಸುವಾಗ ಹಳೇ ಟಯರಿನ ಹಿಂದೆ ಒಂದು ಕೈಗವಸು ಸಿಕ್ಕಿತು. ಬಲಗೈಯದು, ತೊಗಲಿನದು. ತೋರುಬೆರಳು ಇರಬೇಕಾದ ಕಡೆ ಹರಿದು ಬಾಯಿ ಬಿಟ್ಟುಕೊಂಡಿತ್ತು. ಯಾಕೋ ಮೂಗಿಗೆ ಹಿಡಿದು ನೋಡಿದೆ. ಗ್ರೀಸು, ಒದ್ದೆ ಕೆಮ್ಮಣ್ಣು, ಎರಡೂ ಸೇರಿದ ಆ ವಾಸನೆ ಇನ್ನೂ ಹೋಗಿರಲಿಲ್ಲ. ಏಣಿಯ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ. ಕೆಳಗಿನಿಂದ ನಮ್ಮನೆಯವರು, "ಏನೇ, ಹಾವು ಕಂಡಂಗೆ ಕೂತ್‌ಬಿಟ್ಟೆ?" ಎಂದರು. "ಏನಿಲ್ಲ, ಧೂಳು," ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಎರಡು ವರ್ಷದ ಹಿಂದಿನ ಮಳೆಗಾಲ ಅದು. ನಮ್ಮ ಮಗನ ಮದುವೆಯಾಗಿ, ಸೊಸೆ ಪಲ್ಲವಿ ದಾವಣಗೆರೆಯಿಂದ ಬಂದು ಮೂರು ತಿಂಗಳಾಗಿತ್ತಷ್ಟೆ. ಆ ಮಳೆಗಾಲದಲ್ಲಿ ನಮ್ಮನೆಯವರ ಬಲಗೈ ಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನನ್ನ ಬಾಯಿಂದ ಬಂದ ಒಂದು ಮಾತು. ಆ ತಪ್ಪನ್ನು ಸೊಸೆಯ ತಲೆಗೆ ಕಟ್ಟಿ ಐದು ವಾರ ಏನೂ ಆಗದವಳ ಹಾಗೆ ಓಡಾಡಿಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಹದಿನೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಗಾರ್ಮೆಂಟ್ಸ್ ಬಿಡುವ ಹೊತ್ತಿನ ಮಾಗಡಿ ರೋಡಿನ ರಶ್ಶಿನಲ್ಲಿ ಮುಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನು ಚಿಲ್ಲರೆ ಹಿಡಿದು ಎದ್ದು ಕೂರುತ್ತಿದ್ದ. ಅಂಥ ಬಾಯಿ ನನ್ನದು. ಮಂಡಿ ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಆ ಬಾಯನ್ನು ಎಲ್ಲಿಡುವುದೆಂದು ತಿಳಿಯದೆ ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿಗೆ ಬಂದು ಕುಳಿತೆ. ನಮ್ಮನೆಯವರು ವೆಲ್ಡಿಂಗು, ಫ್ಯಾಬ್ರಿಕೇಶನ್ನು ಮಾಡುವವರು. ಜೀಪು ಇಟ್ಟುಕೊಂಡು ಕಾಡುಮೇಡು ಸುತ್ತುವ ಶೋಕಿಯ ಜನ ಅವರನ್ನು ಹುಡುಕಿಕೊಂಡು ಬರುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ಪಲ್ಲವಿ ಬಂದ ವಾರಕ್ಕೇ ಮಾವನ ಅಂದಾಜುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಗೀಚಲು ಶುರುಮಾಡಿದಳು. ನಮ್ಮನೆಯವರಿಗೆ ಖುಷಿಯೋ ಖುಷಿ. ನನಗೆ ಒಳಗೊಳಗೇ ಉರಿ. ನನ್ನ ಕುರ್ಚಿಯ ಪಕ್ಕದಲ್ಲೇ ಅವಳ ಕುರ್ಚಿ ಬಿದ್ದಿತ್ತಲ್ಲ!

ಜೂನಿನಲ್ಲಿ ಬಸವೇಶ್ವರನಗರದ ಪಾಟೀಲ್ ಸಾರ್ ಬಂದರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದವರು, ಧಾರವಾಡದ ಕಡೆಯವರು. ಕೆಂಗೇರಿ ದಾಟಿ ಒಂದಿಷ್ಟು ಜಮೀನು ಮಾಡಿಕೊಂಡು, ಹಳೇ ಜೀಪಿನಲ್ಲಿ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದರು. ಹಿಂದಿನ ವರ್ಷ ಕೆಸರಿನಲ್ಲಿ ಹೂತುಕೊಂಡು ಮೂರು ಸಲ ಪಜೀತಿಪಟ್ಟಿದ್ದರಂತೆ.

"ರಾಜಣ್ಣ, ಚೊಲೋದೊಂದು ವಿಂಚ್ ಕೂಡಿಸಿಕೊಡ್ರಿ. ಈ ಸಲ ಟ್ರ್ಯಾಕ್ಟರಿನಾಂವನ ಮುಂದ ಕೈ ಮುಗದು ನಿಂದ್ರೂದು ಬ್ಯಾಡ ನನಗ," ಎಂದರು.

ವಿಂಚು ಅಂದರೆ ಜೀಪಿನ ಮೂತಿಗೆ ಕೂರಿಸುವ ಕರೆಂಟಿನ ರಾಟೆ. ಅದರ ಹಗ್ಗದ ತುದಿಯನ್ನು ದೂರದ ಮರಕ್ಕೆ ಕಟ್ಟಿ ಬಟನ್ ಒತ್ತಿ ಹಿಡಿದರೆ ಡ್ರಮ್ಮು ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಜೀಪು ತನ್ನನ್ನು ತಾನೇ ಕೆಸರಿನಿಂದ ಎಳೆದುಕೊಂಡು ಬರುತ್ತದೆ. ಬಟನ್ ಬಿಟ್ಟರೆ ನಿಲ್ಲುತ್ತದೆ. ಒತ್ತಿ ಹಿಡಿದಿರುವಷ್ಟು ಹೊತ್ತು ಎಳೆಯುತ್ತಲೇ ಇರುತ್ತದೆ. ಇದೊಂದು ನೆನಪಿಟ್ಟುಕೊಳ್ಳಿ.

ನಮ್ಮನೆಯವರ ಮನಸ್ಸಿನಲ್ಲಿ ಯಾರೋ ಬಿಚ್ಚಿಟ್ಟಿದ್ದ ಒಂದು ಸಣ್ಣ ವಿಂಚು ಇತ್ತು. ಪಲ್ಲವಿ ಬಿಡಲಿಲ್ಲ. "ಮಾವ, ಗಾಡಿ ತೂಕ ಎಷ್ಟು?"

"ಒಂದೂವರೆ ಟನ್ ಇರ್ಬೋದಮ್ಮ."

"ಖಾಲಿ ಗಾಡಿದಲ್ಲ. ಡೀಸೆಲ್ಲು, ಸಾಮಾನು, ಜನ ಎಲ್ಲ ಕೂತಾಗ."

ಪಾಟೀಲ್ ಸಾರನ್ನು ಜೀಪು ಸಮೇತ ತೂಕದ ಕಟ್ಟೆಗೆ ಕಳಿಸಿದಳು. ಬಂದ ತೂಕದ ಒಂದೂವರೆ ಪಟ್ಟಾದರೂ ಎಳೆಯುವ ವಿಂಚು ಬೇಕೆಂದಳು. ಕೆಸರಿನಲ್ಲಿ ಹೂತ ಗಾಡಿ ತನ್ನ ತೂಕಕ್ಕಿಂತ ಜಾಸ್ತಿ ಜಗ್ಗುತ್ತದಂತೆ. ಡಬ್ಬದ ಮೇಲೆ ಬರೆದ ಶಕ್ತಿ ಡ್ರಮ್ಮಿನ ತಳದ ಸುತ್ತಿಗೆ ಮಾತ್ರವಂತೆ, ಹಗ್ಗ ಪದರಪದರವಾಗಿ ಸುತ್ತಿಕೊಂಡಷ್ಟೂ ಎಳೆತ ಕಮ್ಮಿಯಾಗುತ್ತದಂತೆ. ಬ್ಯಾಟರಿ ಹೊಸದಾಗಬೇಕು. ವಿಂಚು ಕೂರುವ ಪ್ಲೇಟನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಹಾಕಬೇಕು. ಪಾಟೀಲ್ ಸಾರ್ ಕನ್ನಡಕ ತೆಗೆದು ಒರೆಸಿಕೊಂಡು, "ರಾಜಣ್ಣ, ನಿಮ್ಮ ಸೊಸಿ ನಮ್ಮ ಇಲಾಖೆದಾಗ ಇರಬೇಕಿತ್ತ ನೋಡ್ರಿ," ಎಂದರು. ನಾನು ಟೀ ತರುವ ನೆಪದಲ್ಲಿ ಎದ್ದು ಹೋದೆ.

ಎಲ್ಲದರಲ್ಲೂ ಅವಳ ಮಾತು ನಡೆಯಿತು, ಹಗ್ಗದ ವಿಷಯವೊಂದು ಬಿಟ್ಟು. ಉಕ್ಕಿನ ತಂತಿಯ ಹಗ್ಗ ಬೇಡ, ಈಗ ಬರುವ ನಾರಿನಂಥ ಹಗ್ಗ ಹಾಕೋಣ ಎಂದಳು.

"ತಂತಿ ಹಗ್ಗದಾಗೆ ಒಂದು ಎಳೆ ಕಿತ್ರೂ ಮುಳ್ಳಿನಂಗೆ ಎದ್ದು ನಿಲ್ತೈತಿ ಮಾವ. ಕೈಗೆ ಸಿಕ್ಕಾಕ್ಕೊಳ್ತೈತಿ. ಅಕಸ್ಮಾತ್ ತುಂಡಾದ್ರೆ ಚಾಟಿ ಬೀಸಿದಂಗೆ ಬರತ್ತೆ."

"ಅದು ಬಟ್ಟೆ ಒಣಗಾಕೋ ಹಗ್ಗ ಕಣಮ್ಮ, ಅದನ್ನ ನಂಬ್ಕೊಂಡು ಜೀಪ್ ಎಳೆಯೋಕಾಗುತ್ತಾ?" ಎಂದರು ನಮ್ಮನೆಯವರು.

"ಕಲ್ಲಿಗೆ ಉಜ್ಜಿದ್ರ ಹರದ ಹೋಗ್ತದವಾ," ಎಂದರು ಪಾಟೀಲ್ ಸಾರ್.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ನಾನು ನಾನಾಗುವುದು ಹೇಗೆ? "ಕಬ್ಬಿಣ ಕಬ್ಬಿಣಾನೇ. ಎಲ್ಲದಕ್ಕೂ ಮೂಗು ತೂರಿಸ್ಬೇಡ ಪಲ್ಲವಿ, ಮಾವ ಇದ್ರಲ್ಲೇ ಮುದುಕ್ರಾಗಿದ್ದಾರೆ," ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಹಗ್ಗ ತಂತಿಯದೇ ಬಂತು.

ಕೂರಿಸುವ ಕೆಲಸಕ್ಕೆ ಎರಡು ವಾರ ಹಿಡಿಯಿತು. ಜುಲೈಯ ಜಿಟಿಜಿಟಿ ಮಳೆ, ದಿನಕ್ಕೆ ಎರಡು ಸಲ ಕರೆಂಟು ಹೋಗುತ್ತಿತ್ತು. ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತು ಪಕ್ಕದ ಗಾರ್ಮೆಂಟ್ಸ್ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಕೊನೆಯ ದಿನ ಪಲ್ಲವಿ ಎಲ್ಲರನ್ನೂ ನಿಲ್ಲಿಸಿ ಸನ್ನೆಗಳನ್ನು ಹೇಳಿಕೊಟ್ಟಳು. ಇಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಒಬ್ಬರೇ ಸನ್ನೆ ಮಾಡಬೇಕು, ಬೆರಳು ತಿರುಗಿಸಿದರೆ ಎಳೆ, ಮುಷ್ಟಿ ಎತ್ತಿ ಹಿಡಿದರೆ ನಿಲ್ಲಿಸು.

"ನನ್ ಬಾಯಿ ಇರೋವಾಗ ಕೈ ಯಾಕಮ್ಮ?" ಎಂದೆ. "ಅರವತ್ತು ಜನರ ಬಸ್ಸನ್ನ ಬಾಯಲ್ಲೇ ನಿಲ್ಸಿದೀನಿ, ಇದೊಂದು ರಾಟೆ!" ಎಲ್ಲರೂ ನಕ್ಕರು. ಪಲ್ಲವಿಯೂ ನಕ್ಕಳು. ಕೂಗುವ ಕೆಲಸ ನನಗೇ ಬಂತು.

ಪರೀಕ್ಷೆ ಮಾಡಲು ಪಾಟೀಲ್ ಸಾರ್ ಜಮೀನಿಗೆ ಹೋದೆವು. ಮಗನಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಶಿಫ್ಟು, ಅವನು ಬರಲಿಲ್ಲ. ಎರಡು ದಿನ ಬಿಡದೆ ಸುರಿದು ಆ ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಇಳಿಜಾರಿನ ಕೆಳಗಿನ ಕೆಸರಿಗೆ ಬೇಕೆಂದೇ ಜೀಪು ಇಳಿಸಿ, ಚಕ್ರ ಅರ್ಧ ಮುಳುಗುವವರೆಗೆ ರೇಸ್ ಮಾಡಿ ಹೂತರು. ಮೇಲಿದ್ದ ಹುಣಸೆಮರದ ತೊಗಟೆ ಕೊಯ್ಯಬಾರದೆಂದು ಅಗಲದ ಪಟ್ಟಿ ಸುತ್ತಿ ಅದಕ್ಕೆ ಹಗ್ಗದ ಕೊಕ್ಕೆ ಸಿಕ್ಕಿಸಿದೆವು. ಹಗ್ಗ ತುಂಡಾದರೆ ಹಾರಬಾರದೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೇರಿದೆವು. ಪಾಟೀಲ್ ಸಾರ್ ಸ್ಟಿಯರಿಂಗಿನಲ್ಲಿ. ವೈರಿನ ತುದಿಯ ರಿಮೋಟ್ ಹಿಡಿದು ಪಲ್ಲವಿ ಡ್ರೈವರ್ ಬಾಗಿಲಿನ ಪಕ್ಕ. ನಾನೂ ನಮ್ಮನೆಯವರೂ ದೂರದಲ್ಲಿ, ಎಲ್ಲರಿಗೂ ಕಾಣುವ ಹಾಗೆ.

"ರೈಟ್!" ಎಂದು ಕೂಗಿದೆ.

ಹಗ್ಗ ಬಿಗಿಯಿತು. ಕಿರ್ರೆಂಬ ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಜೀಪು ಒಂದು ಗೇಣು ಜರುಗಿತು. "ರೈಟ್, ರೈಟ್!" ಎಂದೆ. ಪಾಟೀಲ್ ಸಾರ್ ಪುಣ್ಯಾತ್ಮರು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿಬಿಟ್ಟರು! ಬಲಗಡೆ ಆಳೆತ್ತರದ ಚರಂಡಿ. ಮುಂದಿನ ಚಕ್ರ ಅದರ ಅಂಚಿಗೆ ಜಾರಿ ಮಣ್ಣು ದಬದಬ ಬಿತ್ತು. "ಸಾಕು, ಸಾಕು!" ಎಂದು ನಮ್ಮನೆಯವರೂ ನಾನೂ ಒಟ್ಟಿಗೇ ಕೂಗಿದೆವು. ಪಲ್ಲವಿ ಬಟನ್ ಬಿಟ್ಟಳು. ಜೀಪು ವಾಲಿಕೊಂಡು ನಿಂತಿತು.

"ರೈಟ್ ಅಂದ್ರಲ್ಲರೀ ನೀವ?" ಎಂದರು ಪಾಟೀಲ್ ಸಾರ್, ಬೆವರೊರೆಸಿಕೊಳ್ಳುತ್ತಾ.

"ಅಯ್ಯೋ ಸಾರ್, ರೈಟ್ ಅಂದ್ರೆ ಹೋಗ್ಲಿ ಅಂತ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲೇ ನಮಗೆ ಬುದ್ಧಿ ಬರಬೇಕಿತ್ತು. ಪಲ್ಲವಿಯೇನೋ, "ಅತ್ತೆ, ಹೆಂಗೂ ಎಡವಟ್ಟಾತು, ಕೈಸನ್ನೆ ಮಾಡಾಣ," ಎಂದಳು. "ಈಗ ಗೊತ್ತಾಯ್ತಲ್ಲ ಬಿಡು," ಎಂದೆ. ಇನ್ನರ್ಧ ಗಂಟೆಯಲ್ಲಿ ಜೀಪು ಗಟ್ಟಿ ನೆಲಕ್ಕೆ ಬಂದು ನಿಂತಿತು. ಪಾಟೀಲ್ ಸಾರ್ ಇಳಿದು ಬಂದು ನಮ್ಮನೆಯವರನ್ನು ತಬ್ಬಿಕೊಂಡರು.

ಉಳಿದದ್ದು ಹಗ್ಗ ಸುತ್ತುವುದು. ಅಪಾಯವೆಲ್ಲ ಮುಗಿಯಿತೆಂದು ಮೈ ಸಡಿಲಬಿಟ್ಟ ಹೊತ್ತು. ಅಷ್ಟರಲ್ಲಿ ಮಳೆ ಮತ್ತೆ ಶುರುವಾಯಿತು. ಬ್ಯಾಟರಿ ಇಳಿಯದಿರಲೆಂದು ಪಾಟೀಲ್ ಸಾರ್ ಒಳಗೆ ಕುಳಿತು ಇಂಜಿನ್ ಚಾಲೂ ಇಟ್ಟರು. ಪಲ್ಲವಿ ಬಟನ್ ಒತ್ತುತ್ತಿದ್ದಳು, ನಮ್ಮನೆಯವರು ಹಗ್ಗವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ಜೀಪಿನ ಕಡೆಗೆ ನಡೆಯುತ್ತಾ ಸಾಲಾಗಿ ಸುತ್ತಿಸುತ್ತಿದ್ದರು. ಕೊನೆಯ ಭಾಗಕ್ಕೆ ಕೈ ದೂರವಿರಲೆಂದು ಪಲ್ಲವಿ ಕೊಕ್ಕೆಗೆ ಒಂದು ಕೆಂಪು ಪಟ್ಟಿ ಹೊಲಿದು ಹಾಕಿದ್ದಳು.

"ಮಾವ, ಹತ್ರ ಬಂದ್ರಿ. ಹಗ್ಗ ಬಿಟ್ಟು ಪಟ್ಟಿ ಹಿಡ್ಕೊಳ್ರಿ," ಎಂದಳು.

"ಇನ್ನೊಂದು ಮಾರು ಅಷ್ಟೇ ಕಣಮ್ಮ, ಒತ್ತು ಒತ್ತು, ನೆಂದ್ಹೋಗ್ತೀವಿ," ಎಂದರು.

ಅವಳು ಒತ್ತಿದಳು. ಅವಳು ನಿಂತ ಕಡೆಯಿಂದ ಬಾನೆಟ್ಟು ಅಡ್ಡ, ಮಾವನ ತಲೆ ಕಾಣುತ್ತದೆ, ಕೈ ಕಾಣುವುದಿಲ್ಲ. ನನಗೆ ಕಾಣುತ್ತಿತ್ತು. ಹಗ್ಗದ ಕಿತ್ತ ಎಳೆಯೊಂದು ಕೈಗವಸಿಗೆ ಸಿಕ್ಕಿಕೊಂಡದ್ದೂ, ಅವರು ಕೊಡವಿ ಬಿಡಿಸಿಕೊಳ್ಳಲು ನೋಡಿದ್ದೂ, ಕೈ ನೆಟ್ಟಗೆ, ಹಗ್ಗ ಡ್ರಮ್ಮಿಗೆ ನುಗ್ಗುವ ರೋಲರಿನ ಬಾಯಿಗೆ ಹೊರಟಿದ್ದೂ, ಎಲ್ಲ ಕಂಡಿತು. ಹದಿನೆಂಟು ವರ್ಷ ಫುಟ್‌ಬೋರ್ಡಿನಲ್ಲಿ ಯಾರ ಕಾಲು ಜಾರಿದರೂ ನನ್ನ ಬಾಯಿಂದ ಬರುತ್ತಿದ್ದ ಮಾತು ಒಂದೇ. ಅದೇ ಬಂತು.

"ಹೋಲ್ಡಾನ್! ಹೋಲ್ಡಾನ್!"

ಬೆಂಗಳೂರಿನ ಬಸ್ಸಿನಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ರೈಟ್ ಅಂದರೆ ಹೋಗು, ಹೋಲ್ಡಾನ್ ಅಂದರೆ ನಿಲ್ಲಿಸು. ದಾವಣಗೆರೆಯಲ್ಲಿ ಸೀಟಿ ಊದುವ ಬಸ್ಸುಗಳಲ್ಲಿ ಓಡಾಡಿ, ಇಲ್ಲಿ ಬಂದ ಮೇಲೆ ಗಂಡನ ಬೈಕೇ ಹತ್ತಿದ ಹುಡುಗಿಗೆ ಅದು ಗೊತ್ತಿಲ್ಲ. ಅವಳಿಗೆ ಇಂಗ್ಲಿಷು ಗೊತ್ತು. ಹೋಲ್ಡ್ ಆನ್. ಹಿಡಿದುಕೊಂಡಿರು. ಅತ್ತೆ ಪ್ರಾಣ ಹೋಗುವ ಹಾಗೆ ಕಿರುಚುತ್ತಿದ್ದಾಳೆ, ಹಿಡಿದುಕೊಂಡಿರು ಎಂದು. ಅವಳು ಎರಡೂ ಕೈಯಲ್ಲಿ ಬಟನ್ ಒತ್ತಿ ಹಿಡಿದುಕೊಂಡಳು. ನಾನು ಇನ್ನೂ ಜೋರಾಗಿ ಕಿರುಚಿದೆ. ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು.

ನಮ್ಮನೆಯವರ ಕೂಗಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಪಾಟೀಲ್ ಸಾರ್ ಬಾಗಿಲಿನಿಂದ ತಲೆ ಹಾಕಿ, "ಬಟನ್ ಬಿಡವಾ! ಬಿಡ!" ಎಂದು ಚೀರಿದರು. ಅವಳು ಬಿಟ್ಟಳು. ಮುಂದೆ ಓಡಿ ಬಂದು ನೋಡಿದವಳು ಅಳಲಿಲ್ಲ, ಕೂಗಲಿಲ್ಲ, ಬಿಳಿಚಿಕೊಂಡ ಮುಖದಲ್ಲೇ ಉಲ್ಟಾ ಬಟನ್ ಒತ್ತಿ ಕೈ ಬಿಡಿಸಿದಳು. ತನ್ನ ದುಪಟ್ಟ ಸುತ್ತಿ, ಕೈಯನ್ನು ಎತ್ತಿ ಹಿಡಿದು, ಕೆಂಗೇರಿಯ ಟ್ರಾಫಿಕ್ಕು, ಮೈಸೂರು ರೋಡಿನ ಮಳೆ ಎಲ್ಲ ದಾಟಿ ವಿಜಯನಗರದ ಆಸ್ಪತ್ರೆ ಮುಟ್ಟುವವರೆಗೆ ಹೆಬ್ಬೆರಳಲ್ಲಿ ಅದುಮಿಕೊಂಡೇ ಕುಳಿತಿದ್ದಳು. ನಾನು ಪಕ್ಕದಲ್ಲಿ, "ಅಯ್ಯೋ ದೇವ್ರೇ, ಅಯ್ಯೋ ದೇವ್ರೇ," ಎನ್ನುತ್ತಿದ್ದೆ. ನನ್ನಿಂದಾದದ್ದು ಅಷ್ಟೇ.

ತೋರುಬೆರಳಿನ ಅರ್ಧ ತೆಗೆದರು. ನಡುಬೆರಳಿಗೆ ಒಳಗೆ ತಂತಿ ಹಾಕಿ ಹೊಲಿದರು. ಅದು ಉಳಿಯುತ್ತದೋ, ಮಡಚುತ್ತದೋ, ತಂತಿ ತೆಗೆಯುವವರೆಗೆ ಹೇಳುವುದಕ್ಕಾಗುವುದಿಲ್ಲ, ಐದು ವಾರ ಕಾಯಿರಿ ಎಂದರು ಡಾಕ್ಟರು. ಅದೂ ಹೋದರೆ ವೆಲ್ಡಿಂಗ್ ಹೋಲ್ಡರ್ ಹಿಡಿಯುವ ಮಾತೇ ಇಲ್ಲ. "ರಕ್ತ ಅದುಮಿ ಹಿಡಿದಿದ್ದು ಯಾರು? ಒಳ್ಳೇ ಕೆಲಸ ಮಾಡಿದ್ರಿ," ಎಂದೂ ಹೇಳಿದರು. ಆ ಮಾತು ಮುಗಿದು ಹತ್ತು ನಿಮಿಷವಾಗಿರಲಿಲ್ಲ, ಫ್ಯಾಕ್ಟರಿಯಿಂದ ಮಗ ಓಡಿ ಬಂದ. "ಏನಾಯ್ತಮ್ಮಾ?"

"ನಾನು ನಿಲ್ಸು ನಿಲ್ಸು ಅಂತ ಬಡ್ಕೊಂಡೆ ಕಣೋ. ಇವಳು ಕೈ ಬಿಡ್ಲಿಲ್ಲ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನ್ನ ಬಾಯಿಗೆ ಹೋಲ್ಡಾನ್ ಅಂದರೂ ನಿಲ್ಲಿಸು ಅಂದರೂ ಒಂದೇ. ಪಲ್ಲವಿ ತಲೆ ಎತ್ತಿ, "ಅತ್ತೆ, ನೀವು ಹಿಡ್ಕೋ ಅಂದಂಗೆ ಕೇಳಿಸ್ತು ನಂಗೆ..." ಎಂದಳು.

"ಹಿಡ್ಕೋ ಅಂತ ಯಾರಾದ್ರೂ ಅಂತಾರೇನೇ ಅಲ್ಲಿ? ಗಂಡನ್ ಕೈ ಹೋಗ್ತಿರುವಾಗ?"

ಮಗ ಹೆಂಡತಿಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. 

ಮಾರನೆಯ ಬೆಳಿಗ್ಗೆ ಕೆಸರಾದ ಸೀರೆ ಒಗೆಯುತ್ತಿದ್ದೆ. ನಾನು ಕೂಗಿದ್ದೇನು ಎಂದು ಮನಸ್ಸಿನಲ್ಲೇ ಇನ್ನೊಂದು ಸಲ ಕೂಗಿಕೊಂಡೆ. ನಿಲ್ಸು ಅಲ್ಲ, ಹೋಲ್ಡಾನ್. ಸೀರೆ ಕೈಯಲ್ಲೇ ಉಳಿಯಿತು. ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಆದರೆ ಹಾಲ್‌ನಲ್ಲಿ ನಮ್ಮ ನಾದಿನಿಯರು ಕುಳಿತಿದ್ದರು, "ಹೊಸಾ ಹುಡುಗಿ ಕೈಗೆ ಮಿಷಿನ್ ಕೊಡ್ತಾರೇನ್ರೀ?" ಎನ್ನುತ್ತಿದ್ದರು. ಇಷ್ಟು ಜನರ ಮುಂದೆ ಹೇಗೆ ಹೇಳಲಿ, ನಾಳೆ ಹೇಳೋಣ ಎಂದುಕೊಂಡೆ. ನಾಳೆಗೆ ಇನ್ನಷ್ಟು ಜನ ಬಂದರು. ಬಂದವರಿಗೆಲ್ಲ ನಿಲ್ಸು ಅಂದೆ ಎಂದೇ ಹೇಳಿದೆ.

ಪಲ್ಲವಿ ವರ್ಕ್‌ಶಾಪಿಗೆ ಬರುವುದನ್ನು ಬಿಟ್ಟಳು. ಮಾವನಿಗೆ ಊಟ ಕಲಸಿಕೊಡುವುದು, ಗಾಯಕ್ಕೆ ಪಟ್ಟಿ ಬದಲಿಸುವುದು ಎಲ್ಲ ಅವಳೇ. ಆದರೆ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಒಂದು ದಿನ ಚಟ್ನಿಗೆ ಮಿಕ್ಸಿ ಹಾಕು ಎಂದೆ. ಜಾರ್ ಕೂರಿಸಿ, ಬಟನ್ ಮೇಲೆ ಕೈಯಿಟ್ಟು, ಹಾಗೇ ನಿಂತಳು. ಆಮೇಲೆ ಒರಳುಕಲ್ಲಿನಲ್ಲಿ ರುಬ್ಬಿದಳು. ಅವಳಪ್ಪ ಫೋನು ಮಾಡಿ ಸ್ವಲ್ಪ ದಿನ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದರಂತೆ. "ಮಾವನ ಬೆರಳು ಏನಾಗ್ತೈತಿ ನೋಡಿ ಬರ್ತೀನಪ್ಪಾ," ಎಂದಿದ್ದು ನನಗೆ ಅಡುಗೆಮನೆಯಿಂದ ಕೇಳಿಸಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಹೇಳಲಿಲ್ಲ.

ಆಗಸ್ಟ್ ಕಳೆಯಿತು. ತಂತಿ ತೆಗೆಯುವ ದಿನ ನಮ್ಮನೆಯವರನ್ನು ಮಗ ಬೈಕಿನಲ್ಲಿ ಮೊದಲೇ ಕರೆದುಕೊಂಡು ಹೋದ. ಊಟದ ಕ್ಯಾರಿಯರ್ ಹಿಡಿದು ನಾನೂ ಪಲ್ಲವಿಯೂ ಕಾಮಾಕ್ಷಿಪಾಳ್ಯದಲ್ಲಿ ಬಸ್ ಹತ್ತಿದೆವು. ಹಳೇ ಬಸ್ಸು, ಕಾಲಿಡಲು ಜಾಗವಿಲ್ಲ. ಮುಂದಿನ ಸ್ಟಾಪಿನಲ್ಲಿ ಅಜ್ಜಿಯೊಬ್ಬಳು ಇಳಿಯುತ್ತಿದ್ದಳು, ಅವಳ ಸೆರಗು ಬಾಗಿಲಿನ ಕಂಬಿಗೆ ಸಿಕ್ಕಿಕೊಂಡಿತು, ಬಸ್ಸು ಜರುಗಿತು.

"ಹೋಲ್ಡಾನ್! ಹೋಲ್ಡಾನ್! ಹೋಲ್ಡಾನ್!" ಎಂದು ಕಂಡಕ್ಟರ್ ಬಾಗಿಲು ಬಡಿದ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಿಂತವರೆಲ್ಲ ಮುಂದಕ್ಕೆ ಬಾಗಿದೆವು. ಅಜ್ಜಿ ಸೆರಗು ಬಿಡಿಸಿಕೊಂಡು, ಅವನಿಗೆರಡು ಬೈದು, ಇಳಿದು ಹೋದಳು.

ಪಲ್ಲವಿ ನನ್ನ ಕಡೆ ತಿರುಗಲಿಲ್ಲ. ಕಿಟಕಿಯನ್ನೇ ನೋಡುತ್ತಾ ಕೇಳಿದಳು, "ಅತ್ತೆ, ಏನಂದ್ರು ಅವ್ರು?"

ಏನೋ ಒಂದು ಹೇಳಿ ಹಾರಿಸಿಬಿಡಬಹುದಿತ್ತು. ಬಾಯಿ ಜೋರಿದ್ದವಳಿಗೆ ಅದೇನು ಕಷ್ಟ? 

"ನಿಲ್ಸು ಅಂತ. ಇಲ್ಲಿ ಬಸ್ಸಲ್ಲಿ ಹಂಗೇ ಅನ್ನೋದು."

"ಅವತ್ತು ನೀವು ಇದನ್ನೇ ಅಂದಿದ್ರಿ."

"ಹೂಂ."

"ನಂಗೆ ಸರಿಯಾಗೇ ಕೇಳಿಸಿತ್ತು."

"ಹೂಂ ಕಣೇ. ಸರಿಯಾಗೇ ಕೇಳಿಸಿತ್ತು. ನಾನೇ..."  ಅಷ್ಟು ಜನರ ಮಧ್ಯೆ ಗೊಳೋ ಎಂದು ಅತ್ತುಬಿಟ್ಟೆ.

ಅವಳು ಅಳಲಿಲ್ಲ. ಕ್ಯಾರಿಯರನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ಐದು ವಾರ ಆತು ಅತ್ತೆ," ಎಂದಳು. ಅಷ್ಟೇ ಅಂದದ್ದು.

ಆಸ್ಪತ್ರೆಯಲ್ಲಿ ನಮ್ಮನೆಯವರು ಬೆಡ್ಡಿನ ಅಂಚಿನಲ್ಲಿ ಕುಳಿತು ನಡುಬೆರಳನ್ನು ಮಡಚಲು ನೋಡುತ್ತಿದ್ದರು. ಅದು ಒಂಚೂರು ಅಲ್ಲಾಡಿತು. ಮಗನ ಕಣ್ಣಲ್ಲಿ ನೀರು. ಅದೇ ಉಸಿರಿನಲ್ಲಿ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನಿಸಿತು. ಕೂರದೆ, ಚಪ್ಪಲಿ ಬಿಡದೆ, ಎಲ್ಲ ಹೇಳಿದೆ. ರೈಟು, ಹೋಲ್ಡಾನು, ಸೀರೆ ಒಗೆಯುವಾಗ ಹೊಳೆದದ್ದು, ಬಚ್ಚಿಟ್ಟದ್ದು. 

ನಮ್ಮನೆಯವರು ಬೆರಳಿನಿಂದ ಕಣ್ಣು ತೆಗೆಯದೆ, "ನಂಗೊತ್ತು ಕಣೇ. ಕೈ ನಂದು, ಕೇಳಿಸ್ದೇ ಇರುತ್ತಾ?" ಎಂದರು.

"ಮತ್ಯಾಕ್ರೀ ಸುಮ್ನಿದ್ರಿ?"

"ನೀನೇ ಹೇಳ್ತೀಯ ಅಂತ."

ಪಲ್ಲವಿ ಕ್ಯಾರಿಯರನ್ನು ಟೇಬಲ್ಲಿನ ಮೇಲಿಟ್ಟಳು. "ಮಾವಾ, ನೀವೂನಾ?" ಎಂದಳು. ನಮ್ಮನೆಯವರ ತಲೆ ಬಗ್ಗಿತು. ತಮ್ಮ ಮೌನ ದೊಡ್ಡತನವೆಂದು ಆ ಕ್ಷಣದವರೆಗೂ ಅವರು ಅಂದುಕೊಂಡಿದ್ದರೋ ಏನೋ. ನನ್ನನ್ನು ಉಳಿಸಲು ಅವರೂ ಅವಳ ಮೇಲೇ ಭಾರ ಹೇರಿದ್ದರು. ಅವಳು ಹೊರಗೆ ಹೋಗಿ ಕಾರಿಡಾರಿನ ಬೆಂಚಿನಲ್ಲಿ ಒಬ್ಬಳೇ ಕುಳಿತಳು. ಮಗ ಹಿಂದೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಮರುದಿನ ಅವಳು ದಾವಣಗೆರೆಗೆ ಹೊರಟಳು. ನಾನು ತಡೆಯಲಿಲ್ಲ, ಯಾವ ಮುಖವಿಟ್ಟುಕೊಂಡು ತಡೆಯಲಿ? ಹದಿನೈದು ದಿನ ನಾದಿನಿಯರು, ಓರಗಿತ್ತಿಯರು, ಓಣಿಯವರು, ಯಾರಿಗೆಲ್ಲ ನಿಲ್ಸು ಅಂದೆ ಎಂದಿದ್ದೆನೋ ಅವರೆಲ್ಲರ ಮನೆಗೆ ಹೋಗಿ, ಇಲ್ಲ, 'ಹೋಲ್ಡಾನ್' ಅಂದಿದ್ದೆ ಎಂದು ಹೇಳಿ ಬಂದೆ. ಪಾಟೀಲ್ ಸಾರ್ ಮಾತ್ರ, "ಭಾಳ ತಡ ಆತಲ್ಲರೀ," ಎಂದು ಕಾಫಿ ಕೊಟ್ಟರು.

ಹದಿನಾರನೆಯ ದಿನ ಅವಳು ಬಂದಳು. ಮನೆಗಲ್ಲ, ಚೀಲ ಸಮೇತ ನೇರ ವರ್ಕ್‌ಶಾಪಿಗೆ. ಕೈಯಲ್ಲಿ ನಾರಿನ ಹಗ್ಗದ ಸುರುಳಿ. "ಮಾವ, ತಂತಿ ಹಗ್ಗ ಬಿಚ್ರಿ," ಎಂದಳು. ಪಾಟೀಲ್ ಸಾರ್ ಜೀಪು ತರಿಸಿ, ಹಗ್ಗ ಬದಲಿಸಿ, ಎದುರಿನ ಕಂಬಕ್ಕೆ ಕಟ್ಟಿ ಎಳೆದು ನೋಡಲು ನಿಂತೆವು. ನಮ್ಮನೆಯವರು ಎಡಗೈಯಲ್ಲಿ ರಿಮೋಟ್ ಎತ್ತಿಕೊಂಡರು. ಅವಳು ಅದನ್ನು ಇಸಿದುಕೊಂಡಳು. ಹೆಬ್ಬೆರಳನ್ನು ಬಟನ್ ಮೇಲಿಟ್ಟು, ಒತ್ತದೆ ನನ್ನ ಕಡೆ ತಿರುಗಿದಳು.

"ಅತ್ತೆ, ಇಲ್ಲಿ ಬರ್ರಿ. ನನ್ ಕಣ್ಣಿಗೆ ಕಾಣಂಗೆ ನಿಂತ್ಕೊಳ್ರಿ."

ನಿಂತೆ. ಬೆರಳು ತಿರುಗಿಸಿದೆ. ಹಗ್ಗ ಸದ್ದಿಲ್ಲದೆ ಬಿಗಿಯಿತು, ಜೀಪು ಒಂದಡಿ ಬಂತು, ಎರಡಡಿ ಬಂತು. ಗಂಟಲವರೆಗೆ ಮಾತು ಬಂದಿತ್ತು. ನುಂಗಿಕೊಂಡು ಮುಷ್ಟಿ ಎತ್ತಿದೆ.

ಅವಳು ಬಟನ್ ಬಿಟ್ಟಳು.